ಮಳೆಗಾಲದ ಗ್ರೀನ್‌ಗೆ ಮೇ ತಿಂಗಳಲ್ಲೇ ಆರೈಕೆ

ಪ್ರಶ್ನೆ: ಕೊಡಗಿನ ಕ್ಲಬ್ ಒಂದರ ಗಾಲ್ಫ್ ಮೈದಾನದ ಉಸ್ತುವಾರಿ ನನ್ನದು. ಜುಲೈ ಬಂತೆಂದರೆ ಗ್ರೀನ್‌ಗಳ (ಚೆಂಡನ್ನು ಕುಳಿಗೆ ಉರುಳಿಸುವ ನುಣುಪು ಹುಲ್ಲುಹಾಸುಗಳ) ಬರ್ಮುಡಾ ಹುಲ್ಲು ತೆಳುವಾಗಿ ಹಳದಿಗೆ ತಿರುಗುತ್ತದೆ, ಬರಿದಾದ ಜಾಗದಲ್ಲಿ ಕಪ್ಪು ಪಾಚಿ ಕಟ್ಟುತ್ತದೆ. ಯೂರಿಯಾ ಕೊಟ್ಟರೂ ಶಿಲೀಂಧ್ರನಾಶಕ ಸಿಂಪಡಿಸಿದರೂ ದಸರೆಯವರೆಗೆ ಹುಲ್ಲು ಚೇತರಿಸಿಕೊಳ್ಳುವುದಿಲ್ಲ. ಇದಕ್ಕೆ ಪರಿಹಾರವೇನು?

ಉತ್ತರ: ತಾವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ಮೂಲ ತೊಂದರೆ ರೋಗವಲ್ಲ, ಬೆಳಕಿನ ಕೊರತೆ. ಗ್ರೀನ್‌ಗಳಲ್ಲಿ ಬಳಸುವ ಬರ್ಮುಡಾ ತಳಿಗಳು ನಮ್ಮ ಗರಿಕೆಯ ವಂಶಕ್ಕೇ ಸೇರಿದವು. ದಿನಕ್ಕೆ ಆರೆಂಟು ಗಂಟೆ ನೇರ ಬಿಸಿಲು ಬೀಳದಿದ್ದರೆ ಅವು ಸೊರಗುತ್ತವೆ. ವಾರಗಟ್ಟಲೆ ಮೋಡ ಕವಿದಿರುವಾಗಲೂ ಹುಲ್ಲನ್ನು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತ ಹೋದರೆ, ಆಹಾರ ತಯಾರಿಸಬೇಕಾದ ಎಲೆಯೇ ಉಳಿಯದೆ ಬೇರು ಗಿಡ್ಡವಾಗುತ್ತದೆ. ಆ ಸ್ಥಿತಿಯಲ್ಲಿ ಯೂರಿಯಾ ಕೊಟ್ಟರೆ ಹುಲ್ಲು ಉಳಿದ ಶಕ್ತಿಯನ್ನೂ ವ್ಯಯಿಸಿ ಮೆತ್ತನೆಯ ಎಲೆ ಬಿಡುತ್ತದೆ, ಅದಕ್ಕೆ ಶಿಲೀಂಧ್ರ ಬಲುಬೇಗ ತಗಲುತ್ತದೆ.

ಆದ್ದರಿಂದ ಜೂನ್ ಆರಂಭದಲ್ಲೇ, ಮುಂಗಾರು ಬಲಗೊಳ್ಳುವ ಮುನ್ನ, ಕತ್ತರಿಸುವ ಎತ್ತರವನ್ನು 5ರಿಂದ 6 ಮಿಲಿಮೀಟರ್‌ಗೆ ಏರಿಸಿ. ಚೆಂಡು ನಿಧಾನವಾಗಿ ಉರುಳುತ್ತದೆಂದು ಸದಸ್ಯರು ಆಕ್ಷೇಪಿಸಬಹುದು. ಮಳೆಗಾಲದಲ್ಲಿ ವೇಗದ ಗ್ರೀನ್ ಬೇಕೆನ್ನುವುದು ಹುಲ್ಲಿನ ಮೇಲೆ ನಡೆಸುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಸಮಿತಿಗೆ ಇದನ್ನು ಮೊದಲೇ ಲಿಖಿತವಾಗಿ ತಿಳಿಸುವುದು ಒಳ್ಳೆಯದು. ಮೇಲ್ಮೈ ನೀರು ಇಂಗಿದ ಮೇಲಷ್ಟೇ ಯಂತ್ರ ಇಳಿಸಿ, ಅದೂ ಕೂತು ಓಡಿಸುವ ಭಾರದ ಯಂತ್ರವಲ್ಲ, ಕೈಯಲ್ಲಿ ತಳ್ಳಿಕೊಂಡು ಹೋಗುವಂಥದ್ದು.

ನಿಜವಾದ ಕೆಲಸವೆಲ್ಲ ಏಪ್ರಿಲ್-ಮೇ ತಿಂಗಳಲ್ಲೇ ಮುಗಿದಿರಬೇಕು. ಮಣ್ಣು ಬೆಚ್ಚಗಿದ್ದು ಹುಲ್ಲು ಹುರುಪಿನಿಂದ ಬೆಳೆಯುವ ಆ ದಿನಗಳಲ್ಲಿ ಬೇರಿಗೆ ಗಾಳಿ-ನೀರು ಇಳಿಯಲೆಂದು ಟೊಳ್ಳು ಮೊಳೆಯ ಯಂತ್ರದಿಂದ 7ರಿಂದ 10 ಸೆಂಟಿಮೀಟರ್ ಆಳದ ರಂಧ್ರಗಳನ್ನು ತೆಗೆದು, ಹೊರಬಂದ ಮಣ್ಣನ್ನು ಗುಡಿಸಿ, ರಂಧ್ರಗಳಿಗೆ ಒಣ ಮರಳು ತುಂಬಿಸಿ. ಎರಡು-ಮೂರು ವಾರಗಳಲ್ಲಿ ಗಾಯ ಮುಚ್ಚಿಕೊಳ್ಳುತ್ತದೆ. ಇದನ್ನೇ ಜುಲೈನಲ್ಲಿ ಮಾಡಿದರೆ ಮುಚ್ಚುವುದೇ ಇಲ್ಲ. ಮರಳಿನ ಆಯ್ಕೆಯಲ್ಲಿ ರಾಜಿ ಬೇಡ. ಅಮೆರಿಕದ ಗಾಲ್ಫ್ ಸಂಸ್ಥೆಯ ಮಾದರಿಯಲ್ಲಿ ಕಟ್ಟಿದ ಗ್ರೀನ್ ಆಗಿದ್ದರೆ ಅದರಡಿಯಲ್ಲಿ ಸುಮಾರು 30 ಸೆಂಟಿಮೀಟರ್ ಮರಳಿನ ಪದರ, ಅದರ ಕೆಳಗೆ 10 ಸೆಂಟಿಮೀಟರ್ ಜಲ್ಲಿ ಇರುತ್ತದೆ. ಮೇಲೆ ಹರಡುವ ಮರಳು ಈ ಪದರದ ಕಣಗಳಿಗೆ ಹೊಂದಬೇಕು. ಪುಡಿ ಹೆಚ್ಚಿರುವ ಮರಳನ್ನೋ ಕೆಮ್ಮಣ್ಣನ್ನೋ ಬಳಸಿದರೆ ನೀರು ಆ ತೆಳು ಪದರದಲ್ಲೇ ನಿಂತುಬಿಡುತ್ತದೆ. ಸ್ಥಳೀಯ ಮಣ್ಣಿನಿಂದಲೇ ಎತ್ತರಿಸಿದ ಹಳೆಯ ಗ್ರೀನ್ ಆಗಿದ್ದರೆ ಮಳೆನೀರು ಮೇಲ್ಮೈಯಲ್ಲೇ ಅಂಚಿಗೆ ಹರಿದುಹೋಗುವಂತೆ ಇಳಿಜಾರನ್ನೂ ಸುತ್ತಲಿನ ಕಾಲುವೆಗಳನ್ನೂ ಸರಿಪಡಿಸಿ.

ಪೊಟ್ಯಾಷ್ ಗೊಬ್ಬರವನ್ನೂ ಮೇ ತಿಂಗಳಲ್ಲೇ ಕೊಡಿ. ಮರಳಿನಲ್ಲಿ ಸಾರಜನಕ ಮಳೆಗೆ ತೊಳೆದುಹೋಗುವುದರಿಂದ ಅದನ್ನು ಸಂಪೂರ್ಣ ನಿಲ್ಲಿಸಬೇಕಿಲ್ಲ. ಮಳೆ ಬಿಡುವು ಕೊಟ್ಟಾಗ ಅತ್ಯಲ್ಪ ಪ್ರಮಾಣದಲ್ಲಿ ಸಿಂಪಡಿಸಿದರೆ ಸಾಕು.

ಪಾಚಿ ಹುಲ್ಲನ್ನು ಕೊಲ್ಲುವುದಿಲ್ಲ, ಹುಲ್ಲು ಬಿಟ್ಟುಕೊಟ್ಟ ಜಾಗವನ್ನು ಆಕ್ರಮಿಸುತ್ತದೆ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಅದನ್ನು ಸ್ವಲ್ಪ ಕಾಲ ತಡೆದೀತು, ಆದರೆ ನೆರಳೂ ತೇವವೂ ಉಳಿದರೆ ಮತ್ತೆ ಮರಳುತ್ತದೆ. ಗ್ರೀನ್‌ನ ಪೂರ್ವಕ್ಕಿರುವ ಸಿಲ್ವರ್ ಓಕ್‌ನಂಥ ಮರಗಳ ಕೊಂಬೆಗಳನ್ನು ಬೇಸಿಗೆಯಲ್ಲೇ ಸವರಿಸಿ, ಏಕೆಂದರೆ ರಾತ್ರಿಯ ತೇವವನ್ನು ಒಣಗಿಸುವುದು ಬೆಳಗಿನ ಬಿಸಿಲು. ನವೆಂಬರ್‌ನಿಂದ ಇಬ್ಬನಿಯ ಕಾಲ. ನಾಣ್ಯದಗಲದ ಒಣಹುಲ್ಲಿನ ಬಣ್ಣದ ಚುಕ್ಕೆಗಳು ಕಂಡರೆ ಅದು ಡಾಲರ್ ಸ್ಪಾಟ್ ಎಂಬ ಶಿಲೀಂಧ್ರ ರೋಗ ಇರಬಹುದು. ಮುಂಜಾನೆ ಉದ್ದನೆಯ ಬಿದಿರುಗಳುವಿನಿಂದ ಇಬ್ಬನಿ ಸವರಿ, ತುಸು ಸಾರಜನಕ ಕೊಟ್ಟರೆ ಬಹುಪಾಲು ಹತೋಟಿಗೆ ಬರುತ್ತದೆ.

ಪ್ರಶ್ನೆ: ಮಳೆಗಾಲದ ಕೊನೆಯಲ್ಲಿ ಕಾಡುಹಂದಿಗಳು ನಮ್ಮ ಫೇರ್‌ವೇಯನ್ನು (ಗ್ರೀನ್‌ವರೆಗಿನ ಆಟದ ಹುಲ್ಲುಹಾದಿಯನ್ನು) ಉತ್ತಂತೆ ಅಗೆಯುತ್ತವೆ. ಬೇಲಿಯೊಂದೇ ದಾರಿಯೇ?

ಉತ್ತರ: ಬೇಲಿ ಬೇಕು, ಆದರೆ ಹಂದಿಗಳು ಹುಡುಕಿಕೊಂಡು ಬರುವುದು ಹೆಚ್ಚಾಗಿ ಬೇರು ತಿನ್ನುವ ಗೊಣ್ಣೆ ಹುಳುಗಳನ್ನು. ಅಗೆದ ಜಾಗದ ಪಕ್ಕದಲ್ಲಿ ಹುಲ್ಲನ್ನು ಎತ್ತಿ ನೋಡಿ. ಬೇರು ಕಳೆದುಕೊಂಡ ಹಾಸು ಚಾಪೆಯಂತೆ ಸುರುಳಿಯಾಗಿ ಎದ್ದರೆ ಅನುಮಾನ ಬೇಡ. ಮೊದಲ ಬೇಸಿಗೆ ಮಳೆ ಬಿದ್ದ ಸಂಜೆಗಳಲ್ಲಿ ಮಣ್ಣಿನಿಂದ ಹೊರಬಂದು ಮರಗಳಲ್ಲಿ ಸೇರುವ, ಈ ಹುಳುಗಳ ಬೆಳೆದ ರೂಪವಾದ ದುಂಬಿಗಳನ್ನು ಕೊಂಬೆ ಅಲುಗಾಡಿಸಿ ಹಿಡಿದು ನಾಶಪಡಿಸಿ. ಮರಿಹುಳುಗಳು ಇನ್ನೂ ಚಿಕ್ಕವಿರುವ ಜೂನ್-ಜುಲೈನಲ್ಲಿ ಮೆಟಾರೈಜಿಯಂ ಶಿಲೀಂಧ್ರವನ್ನು ಪುಡಿಮಾಡಿದ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ತೇವವಿರುವ ಮಣ್ಣಿಗೆ ಸೇರಿಸಿ. ಸೆಪ್ಟೆಂಬರ್ ಹೊತ್ತಿಗೆ ಹುಳು ಬಲಿತಿರುವುದರಿಂದ ಆಗ ಕೈಗೊಳ್ಳುವ ಉಪಚಾರಕ್ಕೆ ಹೆಚ್ಚಿನ ಫಲ ಸಿಗದು.