ಪಾವಗಡದ ಸೋಲಾರ್ ಪಾರ್ಕ್‌ನಿಂದ ಅಲ್ಲಿನ ಎಲ್ಲರಿಗೂ ಒಂದೇ ಥರ ಲಾಭ ಆಯ್ತಾ?

ಇಲ್ಲ. ಜಮೀನಿದ್ದವರಿಗೆ ಗಟ್ಟಿ ಆದಾಯ ಬಂತು. ಜಮೀನಿಲ್ಲದವರಿಗೆ ಇದ್ದ ಕೂಲಿಯೂ ಕಡಿಮೆಯಾಯಿತು. ಬಾಡಿಗೆ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ, ಆದರೆ ಹೊಲ ನಂಬಿ ಬದುಕುತ್ತಿದ್ದವರು ಅವರಷ್ಟೇ ಅಲ್ವಲ್ಲ.

ತುಮಕೂರು ಜಿಲ್ಲೆಯ ಪಾವಗಡ ಬರದ ಸೀಮೆ. ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಪಾರ್ಕ್ ಇದೆ. ಈ ಭೂಮಿಯನ್ನು ರೈತರಿಂದ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡಲೆಕಾಯಿ ಬಿತ್ತಿ, ಎಷ್ಟೋ ವರ್ಷ ಬೀಜದ ದುಡ್ಡೂ ಹುಟ್ಟದ ಕಡೆ ಇದು ದೊಡ್ಡ ಆಸರೆ. ಒಡೆತನವೂ ಕೈಬಿಡಲಿಲ್ಲ. ಇಷ್ಟರ ಮಟ್ಟಿಗೆ ಇದು ನಿಜಕ್ಕೂ ಒಳ್ಳೆಯ ಏರ್ಪಾಟು.

ಆದರೆ ಬೆಳೆ ನಿಂತರೆ ಕಳೆ ಕೀಳುವ, ಕಾಯಿ ಬಿಡಿಸುವ ಕೆಲಸವೂ ನಿಲ್ಲುತ್ತದೆ. ಅದು ಹೆಚ್ಚಾಗಿ ಹೆಂಗಸರ ಕೂಲಿ. ಸೋಲಾರ್‌ಗೆ ಜನ ಜಾಸ್ತಿ ಬೇಕಾಗುವುದು ಕಟ್ಟುವಾಗ ಮಾತ್ರ. ಆಮೇಲೆ ಉಳಿಯುವುದು ಪ್ಯಾನೆಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು. ಅಷ್ಟು ಕೆಲಸ ಊರಿಗೆಲ್ಲ ಸಾಲುವುದಿಲ್ಲ. ಬೇಲಿ ಬಿದ್ದ ಮೇಲೆ ಕುರಿ ಮೇಯಿಸುವವರೂ ಸುತ್ತುಹಾಕಿ ದೂರ ಹೋಗಬೇಕು.

ಬೇರೆ ದೇಶಗಳಲ್ಲಿ ಪ್ಯಾನೆಲ್ ಸಾಲುಗಳ ನಡುವೆಯೇ ಕುರಿ ಮೇಯಿಸುತ್ತಾರೆ. ಮುಂದೆ ಇಂಥ ಪಾರ್ಕ್ ಮಾಡುವಾಗ ಆ ಹಕ್ಕನ್ನೂ ಕೂಲಿಯವರಿಗೆ ಒಂದು ಪಾಲನ್ನೂ ಕರಾರಿನಲ್ಲೇ ಬರೆಯಬೇಕು.