ಫ್ಯೂಜಿ ಜಿಎಫ್‌ಎಕ್ಸ್ 50ಎಸ್-2 ಕ್ಯಾಮೆರಾದ ಬಾಡಿ ಇದೆ, ದಿನಬಳಕೆಗೆ ಒಂದೇ ಒಂದು ಲೆನ್ಸ್ ತಗೊಳ್ಳೋದಾದರೆ ಯಾವುದು?

35-70 ಎಂಎಂ ಜೂಮ್ ತಗೊಳ್ಳಿ. ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ. ನಾನು ಮೊದಲು ಬೇರೆ ಲೆನ್ಸ್ ತಗೊಂಡು, ಒಂದು ವರ್ಷ ಬಳಸಿ, ಆಮೇಲೆ ಇದಕ್ಕೆ ಬಂದವನು. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಹಳೆಯ 50ಎಸ್-2 ಬಾಡಿ ಒಳ್ಳೆ ಬೆಲೆಗೆ ಸಿಕ್ಕಿದೆ, ಲೆನ್ಸ್ ಇಲ್ಲ. ಸದ್ಯಕ್ಕೆ ದುಡ್ಡಿರುವುದು ಒಂದಕ್ಕೆ ಮಾತ್ರ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ವರ್ಷಕ್ಕೆ ಎರಡು ಮೂರು ಪ್ರವಾಸ, ಅದರಲ್ಲಿ ಹಳೆಯ ದೇವಸ್ಥಾನಗಳೇ ಜಾಸ್ತಿ. 32-64, 35-70, 45-100 ಈ ಮೂರು ಜೂಮ್‌ಗಳಲ್ಲಿ ಒಂದಾ, ಇಲ್ಲಾ 50 ಅಥವಾ 63ರ ಪ್ರೈಮ್ (ಜೂಮ್ ಆಗದ, ಒಂದೇ ಕೋನದ ಲೆನ್ಸ್) ಸಾಕಾ ಅಂತ ಕೇಳಿದ್ದೀರಿ.

ಮೊದಲು ಒಂದು ಲೆಕ್ಕ, ಇದನ್ನು ಓದುವ ಬೇರೆಯವರಿಗೂ ಅನುಕೂಲ. ಈ ಕ್ಯಾಮೆರಾದ ಸೆನ್ಸರ್ 43.8 x 32.9 ಎಂಎಂ. ಫುಲ್ ಫ್ರೇಮ್, ಅಂದರೆ ಹಳೆಯ 35 ಎಂಎಂ ಫಿಲ್ಮಿನ ಅಳತೆ, 36 x 24. ವಿಸ್ತೀರ್ಣದಲ್ಲಿ ಹತ್ತಿರಹತ್ತಿರ 1.7 ಪಟ್ಟು. ಫ್ಯೂಜಿಯವರು ಇದನ್ನು ಲಾರ್ಜ್ ಫಾರ್ಮ್ಯಾಟ್ ಅಂತ ಕರೆಯುತ್ತಾರೆ. 4 x 5 ಇಂಚಿನ ಹಾಳೆ ಫಿಲ್ಮ್ ಬಳಸಿದವರು ಒಪ್ಪುವುದಿಲ್ಲ, ಅವರ ಮಾತೂ ಸರಿಯೇ. ಅಲ್ಲಿ ನಾರ್ಮಲ್ ಲೆನ್ಸ್ (ಕಣ್ಣಿಗೆ ಸಹಜ ಅನ್ನಿಸುವ ಕೋನದ್ದು) ಅಂದರೆ 150 ಎಂಎಂ. ಇಲ್ಲಿ ಆ ಜಾಗದಲ್ಲಿ ಇರುವುದು 63. ಜಿಎಫ್ ಲೆನ್ಸ್ (ಈ ಕ್ಯಾಮೆರಾ ಸರಣಿಯ ಲೆನ್ಸ್) ಮೇಲಿರುವ ಸಂಖ್ಯೆಯನ್ನು 0.79ರಿಂದ ಗುಣಿಸಿದರೆ ನಿಮಗೆ ಅಭ್ಯಾಸವಿರುವ ಫುಲ್ ಫ್ರೇಮ್ ಕೋನ ಸಿಗುತ್ತದೆ. 63 ಅಂದರೆ 50. 50 ಅಂದರೆ 40. 35-70 ಅಂದರೆ ಸುಮಾರು 28ರಿಂದ 55. 45-100 ಅಂದರೆ 36ರಿಂದ 79.

ಈಗ ತೂಕ. ನನ್ನ ಉತ್ತರ ನಿಂತಿರುವುದೇ ಇದರ ಮೇಲೆ. ನಿಮ್ಮ ಬಾಡಿ, ಬ್ಯಾಟರಿ ಮತ್ತು ಕಾರ್ಡ್ ಸೇರಿ ಸುಮಾರು 900 ಗ್ರಾಂ. 32-64 ಲೆನ್ಸ್ 875 ಗ್ರಾಂ. 45-100 ಒಂದು ಕೆಜಿ ದಾಟುತ್ತದೆ. 35-70 ಬರೀ 390 ಗ್ರಾಂ. 63ರ ಪ್ರೈಮ್ 405, 50ರದ್ದು 335. ಅಂದರೆ 32-64 ಹಾಕಿದರೆ ಪೌನೆರಡು ಕೆಜಿಗೂ ಮೇಲೆ, 35-70 ಹಾಕಿದರೆ 1.3 ಕೆಜಿ. ಕಾಗದದ ಮೇಲೆ ಇದು ಅರ್ಧ ಕೆಜಿ. ಕಂಕುಳಲ್ಲಿ ಮಗು, ಹೆಗಲಲ್ಲಿ ನೀರಿನ ಬಾಟಲಿ ಇಟ್ಟ ಚೀಲ, ಕತ್ತಿನಲ್ಲಿ ಕ್ಯಾಮೆರಾ ಇದ್ದಾಗ ಅರ್ಧ ಕೆಜಿ ಅಂದರೆ ಏನು ಅಂತ ಮಧ್ಯಾಹ್ನದ ಹೊತ್ತಿಗೆ ಗೊತ್ತಾಗುತ್ತದೆ.

ನಾನು ಮೊದಲು ಇದೇ ಸರಣಿಯ 50ಆರ್ ಬಾಡಿಗೆ 32-64 ತಗೊಂಡಿದ್ದೆ. ಅದು ತುಂಬಾ ಒಳ್ಳೆಯ ಲೆನ್ಸ್. ಅಪರ್ಚರ್ (ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದರೂ ಮೂಲೆಮೂಲೆ ಚೊಕ್ಕವಾಗಿ ಬರುತ್ತದೆ. ಮೊದಲ ತಿಂಗಳು ಎಲ್ಲಿಗೆ ಹೋದರೂ ಜೊತೆಗೆ ಒಯ್ದೆ. ಆಮೇಲೆ ಭಾನುವಾರ ಮಾತ್ರ. ಆಮೇಲೆ ಪ್ರವಾಸಕ್ಕೆ ಮಾತ್ರ. ಆ ವರ್ಷ ಗೋಕುಲಾಷ್ಟಮಿಗೆ ಅಮ್ಮ ಚಕ್ಕುಲಿ ಒತ್ತುತ್ತಿದ್ದರು. ಬೆಳಗಿನ ಬಿಸಿಲು ಅಡುಗೆಮನೆ ಕಿಟಕಿಯಿಂದ ಓರೆಯಾಗಿ ಬಿದ್ದು, ಒರಳಿನ ಹಿಡಿ ಹಿಡಿದ ಎರಡೂ ಕೈ ಮೇಲೆ ನಿಂತಿತ್ತು. ಬೆರಳ ಗೆಣ್ಣುಗಳಿಗೆ ಅಕ್ಕಿಹಿಟ್ಟು ಅಂಟಿತ್ತು. ನಾನು ಕ್ಯಾಮೆರಾ ತರಲು ಎದ್ದವನು, ಬೀರುವಿನ ಮೇಲಿಂದ ಆ ದೊಡ್ಡ ಬ್ಯಾಗ್ ಇಳಿಸಬೇಕಲ್ಲ ಅಂತ ಕೂತುಬಿಟ್ಟೆ. ಫೋನಿನಲ್ಲಿ ತೆಗೆದೆ. ಅಮ್ಮ ಈಗ ಇಲ್ಲ. ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಲು ಹೋದಾಗ ಬೆರಳಿನ ಹಿಟ್ಟು ಬಿಳಿ ಮಚ್ಚೆಯಾಗಿ ಕಲಸಿಹೋಗಿತ್ತು. ಅದಾದ ಮೇಲೆ 32-64 ಮಾರಿ 35-70 ತಗೊಂಡೆ. ಈಗ ಕ್ಯಾಮೆರಾ ಟೇಬಲ್ ಮೇಲೇ ಇರುತ್ತದೆ, ಲೆನ್ಸ್ ಸಮೇತ.

ದೇವಸ್ಥಾನದ ವಿಷಯಕ್ಕೆ ಬರುತ್ತೇನೆ. ನಮ್ಮ ಮೈಸೂರಿಗೆ ಹತ್ತಿರದ ಸೋಮನಾಥಪುರವನ್ನೇ ತಗೊಳ್ಳಿ. 1258ರ ಹೊಯ್ಸಳ ದೇವಸ್ಥಾನ. ಜಗತಿಯ (ದೇವಸ್ಥಾನ ನಿಂತಿರುವ ಕಟ್ಟೆ) ಮೇಲೆ ಗೋಡೆ ಸುತ್ತ ನಡೆಯುವಾಗ ಹಿಂದೆ ಸರಿಯಲು ಇರುವುದು ಕೆಲವೇ ಅಡಿ. 63ರ ಪ್ರೈಮ್‌ನಲ್ಲಿ ಒಂದು ವಿಗ್ರಹ ಸಿಗುತ್ತದೆ, ಗೋಡೆಯ ಏರಿಳಿತ ಸಿಗುವುದಿಲ್ಲ. 35ರಲ್ಲಿ ಕೆಳಗಿನ ಆನೆ ಸಾಲಿನಿಂದ ಹಿಡಿದು ಮೇಲಿನ ವಿಗ್ರಹದವರೆಗೆ ಒಂದೇ ಚೌಕಟ್ಟಿನಲ್ಲಿ ಕೂರುತ್ತದೆ. ಅಲ್ಲೇ ನಿಂತು 70ಕ್ಕೆ ತಿರುಗಿಸಿದರೆ ಒಂದೆರಡು ಆನೆಗಳು ಮಾತ್ರ. ಲೆನ್ಸ್ ಬದಲಿಸುವ ಕೆಲಸವಿಲ್ಲ, ಸೆನ್ಸರ್‌ಗೆ ಧೂಳು ಹೋಗುವ ಭಯವೂ ಇಲ್ಲ.

ಒಳಗೆ ಕತ್ತಲೆ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ. ಕೈಯಲ್ಲೇ ಹಿಡಿದು ತೆಗೆಯಬೇಕು. ಇಲ್ಲಿ ನಿಮ್ಮ ಬಾಡಿ ದೊಡ್ಡ ಸಹಾಯ ಮಾಡುತ್ತದೆ. 50ಎಸ್-2ರಲ್ಲಿ ಸೆನ್ಸರೇ ಅಲುಗಾಡಿ ಕೈನಡುಕ ಸರಿಮಾಡುತ್ತದೆ, ಕಂಪನಿ ಹೇಳುವುದು 6.5 ಸ್ಟಾಪ್ ಅಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ನನ್ನ ಹಳೆಯ 50ಆರ್‌ನಲ್ಲಿ ಅದು ಇರಲಿಲ್ಲ, 1/125 ಸೆಕೆಂಡಿಗಿಂತ ಕೆಳಗೆ ಇಳಿಯಲು ಹೆದರುತ್ತಿದ್ದೆ. ನವರಂಗದ ಚಾವಣಿಯಲ್ಲಿ ಬಾಳೆಮೊಗ್ಗಿನ ಹಾಗೆ ಇಳಿಬಿದ್ದ ಕೆತ್ತನೆಗಳಿವೆ, ನೋಡಿರುತ್ತೀರಿ ಅಲ್ವಾ? ಅದನ್ನು ಈಗಿನ 50ಎಸ್-2ರಲ್ಲಿ ಕಂಬಕ್ಕೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು, 35ರಲ್ಲಿ ಎಫ್ 4.5, 1/6 ಸೆಕೆಂಡ್, ಐಎಸ್‌ಒ 1600ರಲ್ಲಿ ತೆಗೆದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು; ಐಎಸ್‌ಒ ಹೆಚ್ಚಿದಷ್ಟೂ ಫೋಟೋ ಕಾಳುಕಾಳಾಗುತ್ತದೆ). ಐದರಲ್ಲಿ ಮೂರು ಚೂಪಾಗಿ ಬಂದವು. ಮೊಗ್ಗಿನ ಎಸಳುಗಳ ನಡುವೆ ಉಳಿ ಆಡಿದ ಗೆರೆ ಕೂಡ ಎಣಿಸಬಹುದು. ಅಂದರೆ ನಿಂತ ವಸ್ತುವಿಗೆ ಈ ಲೆನ್ಸಿನ ಚಿಕ್ಕ ಅಪರ್ಚರ್ ಒಂದು ತೊಂದರೆಯೇ ಅಲ್ಲ.

ಮಗಳ ವಿಷಯದಲ್ಲಿ ಹಾಗಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಸೆನ್ಸರಿನ ಅಲುಗಾಟ ನಿಮ್ಮ ಕೈನಡುಕವನ್ನು ಸರಿಮಾಡುತ್ತದೆ, ಮಗುವಿನ ಓಟವನ್ನಲ್ಲ. ಸಂಜೆ ಟ್ಯೂಬ್‌ಲೈಟಿನಲ್ಲಿ 70 ಎಂಎಂಗೆ ಎಫ್ 5.6 ಅಂದರೆ, 1/125 ಬೇಕು ಅಂದ ತಕ್ಷಣ ಐಎಸ್‌ಒ 6400ರ ಹತ್ತಿರ ಹೋಗುತ್ತದೆ. 63ರ ಎಫ್ 2.8 ಆದರೆ ಅದೇ ಜಾಗದಲ್ಲಿ 1600 ಸಾಕು. ಎರಡು ಸ್ಟಾಪ್ ಸಣ್ಣ ಲಾಭವಲ್ಲ. ಆದರೆ 63ರ ಫೋಕಸ್ ನಿಧಾನ, ಸ್ವಲ್ಪ ಸದ್ದೂ ಮಾಡುತ್ತದೆ. 50ಎಸ್-2ರ ಫೋಕಸ್ ವ್ಯವಸ್ಥೆಯೂ ಹಳೆಯ ಕಾಂಟ್ರಾಸ್ಟ್ ರೀತಿಯದು, ಹಿಂದೆ ಮುಂದೆ ತಡಕಾಡಿ ಫೋಕಸ್ ಹುಡುಕುವಂಥದ್ದು. ಎಷ್ಟು ದುಡ್ಡಿನ ಲೆನ್ಸ್ ಹಾಕಿದರೂ ಓಡುವ ಮಗುವಿನ ಹಿಂದೆ ಅದು ಓಡುವುದಿಲ್ಲ. ಹಾಗಾಗಿ ಮಗಳು ಕೂತು ಬಣ್ಣ ಬಳಿಯುವಾಗ, ತಲೆ ಬಾಚಿಸಿಕೊಳ್ಳುವಾಗ, ಕಿಟಕಿ ಹತ್ತಿರ ಗೊಂಬೆ ಜೊತೆ ಮಾತಾಡುವಾಗ ತೆಗೆಯಿರಿ. ಆಗ 35-70 ಚೆನ್ನಾಗಿ ನಡೆಯುತ್ತದೆ. ಅದು 35 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ, ಪುಟ್ಟ ಬೆರಳಿಗೆ ಮೆತ್ತಿದ ಬಣ್ಣದವರೆಗೂ ಹೋಗಬಹುದು. 63ರಲ್ಲಿ ಅರ್ಧ ಮೀಟರ್, 45-100ರಲ್ಲಿ 65 ಸೆಂಟಿಮೀಟರ್ ದೂರ ಬೇಕು.

ಹಿನ್ನೆಲೆ ಮಸುಕಾಗುವುದಿಲ್ಲವಾ ಅಂತ ನಿಮಗೆ ಅನ್ನಿಸಬಹುದು. 70ರಲ್ಲಿ ಎಫ್ 5.6 ಅಂದರೆ ಫುಲ್ ಫ್ರೇಮಿನ ಎಫ್ 4.4ರಷ್ಟು. ಮುಖ ಹತ್ತಿರವಿದ್ದರೆ ಹಿಂದಿನ ಗೋಡೆ ಮೃದುವಾಗುತ್ತದೆ, ಕರಗಿಹೋಗುವುದಿಲ್ಲ. ಕರಗಲೇಬೇಕು ಅಂದರೆ 80 ಅಥವಾ 55ರ ಎಫ್ 1.7 ಬೇಕು. ಎರಡೂ 800 ಗ್ರಾಂ ಹತ್ತಿರ, ಬೆಲೆಯೂ ಜಾಸ್ತಿ. ಮತ್ತೆ ಬ್ಯಾಗ್ ಬೀರುವಿನ ಮೇಲೆ ಹೋಗುತ್ತದೆ.

35-70ರ ಸಣ್ಣಪುಟ್ಟ ಕಿರಿಕಿರಿ ಎರಡಿವೆ. ಲೆನ್ಸ್ ಮಡಚಿಕೊಂಡಿರುತ್ತದೆ, ತೆಗೆಯುವ ಮುಂಚೆ ರಿಂಗ್ ತಿರುಗಿಸಿ ಬಿಚ್ಚಬೇಕು. ಒಂದು ವಾರದಲ್ಲಿ ಕೈಗೆ ರೂಢಿಯಾಗುತ್ತದೆ. ಉಳಿದ ಜಿಎಫ್ ಲೆನ್ಸ್‌ಗಳ ಹಾಗೆ ಅಪರ್ಚರ್ ರಿಂಗ್ ಇಲ್ಲ, ಬಾಡಿಯ ಡಯಲಿನಲ್ಲೇ ಬದಲಿಸಬೇಕು. ಅನುಕೂಲವೂ ಒಂದಿದೆ: ಫಿಲ್ಟರ್ ಅಳತೆ 62 ಎಂಎಂ. ಮುಂದೆ 45, 50 ಅಥವಾ 63 ತಗೊಂಡರೂ ಅದೇ ಪೋಲರೈಸರ್ ಫಿಲ್ಟರ್ ಹಿಡಿಸುತ್ತದೆ.

ಹಾಗಾದರೆ ಪ್ರೈಮ್ ಬೇಡವೇ ಬೇಡವಾ? ನಿಮ್ಮ ಕೋನ ಯಾವುದು ಅಂತ ಗೊತ್ತಾದ ಮೇಲೆ ಬೇಕು. ನಾನು 32-64 ಮಾರುವ ಮುಂಚೆ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಆ ವರ್ಷದ ಫೋಟೋಗಳನ್ನು ಫೋಕಲ್ ಲೆಂತ್ (ಲೆನ್ಸಿನ ಎಂಎಂ ಸಂಖ್ಯೆ) ಪ್ರಕಾರ ವಿಂಗಡಿಸಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ 60ರ ಮೇಲೆ, ಒಂದಿಷ್ಟು 32ರಲ್ಲಿ, ನಡುವೆ ಹೆಚ್ಚುಕಡಿಮೆ ಖಾಲಿ. ನನ್ನ ಕಣ್ಣು ನೋಡುವುದು 63ರ ಹಾಗೆ ಅಂತ ಅವತ್ತು ಗೊತ್ತಾಯಿತು. ಎರಡು ವರ್ಷ ಬಿಟ್ಟು ಅದನ್ನೂ ತಗೊಂಡೆ. ನಿಮ್ಮದು ಬೇರೆ ಇರಬಹುದು. ಸುಮ್ನೆ ಯಾರೋ ಹೇಳಿದರು ಅಂತ 50 ತಗೊಳ್ಳಬೇಡಿ, ಅದು ಎಷ್ಟೇ ಮುದ್ದಾಗಿದ್ದರೂ. ಆರು ತಿಂಗಳು 35-70 ಬಳಸಿ, ಆಮೇಲೆ ಇದೇ ಲೆಕ್ಕ ಹಾಕಿ.

70 ಸಾಲದೆ ಬಂದರೆ ಗಾಬರಿ ಬೇಡ. ನಿಮ್ಮದು 51 ಮೆಗಾಪಿಕ್ಸೆಲ್. ಮೆನುವಿನಲ್ಲಿ 35 ಎಂಎಂ ಫಾರ್ಮ್ಯಾಟ್ ಮೋಡ್ ಹಾಕಿದರೆ ನಡುವಿನ ಭಾಗ ಮಾತ್ರ ಉಳಿದು 30 ಮೆಗಾಪಿಕ್ಸೆಲ್ ಸಿಗುತ್ತದೆ, ಲೆನ್ಸ್ ನಿಜವಾದ 70ರ ಹಾಗೆ ಕೆಲಸ ಮಾಡುತ್ತದೆ. ಗೋಡೆಗೆ ಹಾಕುವ ಪ್ರಿಂಟಿಗೆ ಅದು ಧಾರಾಳ.

ಹಳೆಯದು ತಗೊಳ್ಳುವಾಗ ಬಾಡಿ ಜೊತೆಗೆ ಒಯ್ಯಿರಿ. ಲೆನ್ಸನ್ನು ಪೂರ್ತಿ ಬಿಚ್ಚಿ, ಮುಂದಿನ ಕೊಳವೆ ಅಲ್ಲಾಡುತ್ತದಾ ನೋಡಿ. ಫೋನಿನ ಟಾರ್ಚ್ ಹಿಂದಿನಿಂದ ಬಿಟ್ಟು ಒಳಗೆ ಜೇಡರ ಬಲೆ ಥರ ಫಂಗಸ್ ಇದೆಯಾ ಅಂತ ಹುಡುಕಿ, ಕರಾವಳಿ ಅಥವಾ ಮಲೆನಾಡಿನಲ್ಲಿದ್ದ ಲೆನ್ಸ್ ಆದರೆ ಇನ್ನೂ ಗಮನವಿಟ್ಟು. ಇಟ್ಟಿಗೆ ಗೋಡೆಗೆ ನೇರ ನಿಂತು 35ರಲ್ಲಿ ಮತ್ತು 70ರಲ್ಲಿ ಎಫ್ 8ಕ್ಕೆ ಒಂದೊಂದು ತೆಗೆದು, ಪರದೆಯಲ್ಲಿ ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ. ಒಂದು ಕಡೆ ಮಾತ್ರ ಮಂಜಾಗಿದ್ದರೆ ಆ ಲೆನ್ಸ್ ಯಾವತ್ತೋ ಕೆಳಗೆ ಬಿದ್ದಿರಬಹುದು, ಬಿಟ್ಟುಬನ್ನಿ. ಇದು 50ಎಸ್-2 ಜೊತೆ ಕಿಟ್ ಆಗಿ ಮಾರಾಟವಾದ ಲೆನ್ಸ್. ಸ್ವಲ್ಪ ಕಾದರೆ ಇನ್ನೊಂದು ಸಿಗುತ್ತದೆ.