ತಂದೆಯ ಕಾಠಿಣ್ಯ, ಮಗನ ಕಾಯಿಲೆ

ಪ್ರಶ್ನೆ: ‘ಶೈನ್’ ಚಿತ್ರದಲ್ಲಿ ತಂದೆಯ ದಬ್ಬಾಳಿಕೆ ಮತ್ತು ಅತಿ ಕಠಿಣವಾದ ಸಂಗೀತ ಕೃತಿಯೊಂದರ ಅಭ್ಯಾಸದಿಂದಲೇ ಪಿಯಾನೋ ವಾದಕನಿಗೆ ಮನೋರೋಗ ಬಂದಂತೆ ತೋರುತ್ತದೆ. ಹೀಗಾಗುವುದು ಸಾಧ್ಯವೇ?

ಉತ್ತರ: ಸ್ಕಾಟ್ ಹಿಕ್ಸ್ ನಿರ್ದೇಶಿಸಿ 1996ರಲ್ಲಿ ತೆರೆಕಂಡ ಈ ಚಿತ್ರವು ಆಸ್ಟ್ರೇಲಿಯಾದ ಪಿಯಾನೋ ವಾದಕ ಡೇವಿಡ್ ಹೆಲ್ಫ್‌ಗಾಟ್ ಅವರ ಬದುಕನ್ನು ಆಧರಿಸಿದೆ. ರಷ್ಯಾದ ಸಂಗೀತ ರಚನಕಾರ ರಾಖ್ಮನಿನಾಫ್ ಅವರ ಮೂರನೆಯ ಪಿಯಾನೋ ಕನ್ಸರ್ಟೋವನ್ನು, ಅಂದರೆ ವಾದ್ಯವೃಂದದೊಡನೆ ಪಿಯಾನೋ ನುಡಿಸುವ ಕೃತಿಯನ್ನು, ನುಡಿಸಿ ಮುಗಿಸಿದೊಡನೆ ನಾಯಕ ಕುಸಿದುಬೀಳುವ ದೃಶ್ಯ ಅದೆಷ್ಟು ತೀವ್ರವಾಗಿದೆಯೆಂದರೆ, ಆ ಕೃತಿಯೇ ಕಾಯಿಲೆಗೆ ಕಾರಣವೆಂದು ಪ್ರೇಕ್ಷಕರು ನಂಬಿಬಿಡುತ್ತಾರೆ. ಆದರೆ ಡೇವಿಡ್ ಅವರನ್ನು ಕಾಡಿದ ಸ್ಕಿಜೋಅಫೆಕ್ಟಿವ್ ಕಾಯಿಲೆ, ಅಂದರೆ ಭ್ರಮೆಗಳೂ ಭಾವಸ್ಥಿತಿಯ ವಿಪರೀತ ಏರಿಳಿತಗಳೂ ಒಟ್ಟಾಗಿ ಕಾಣಿಸಿಕೊಳ್ಳುವ ಸ್ಥಿತಿ, ಯಾವುದೇ ಒಂದು ಘಟನೆಯಿಂದ ಹುಟ್ಟುವುದಲ್ಲ. ಅನುವಂಶೀಯತೆ, ಮಿದುಳಿನ ಕಾರ್ಯವಿಧಾನ ಮತ್ತು ಬದುಕಿನ ಒತ್ತಡ ಇವೆಲ್ಲವೂ ಅದರಲ್ಲಿ ಸೇರಿರುತ್ತವೆ. ಒತ್ತಡವು ಕಾಯಿಲೆಯನ್ನು ಕೆರಳಿಸಬಹುದು, ಆದರೆ ಅದೊಂದೇ ಕಾರಣವೆನ್ನಲಾಗದು. ತಂದೆಯ ಚಿತ್ರಣವನ್ನು ಡೇವಿಡ್ ಅವರ ಸಹೋದರಿ ಮಾರ್ಗರೆಟ್ ಬಹಿರಂಗವಾಗಿಯೇ ಅಲ್ಲಗಳೆದಿದ್ದಾರೆ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಮಕ್ಕಳ ಮನೋರೋಗಕ್ಕೆ ಹೆತ್ತವರನ್ನೇ ಹೊಣೆಯಾಗಿಸುವ ರೂಢಿಯಿಂದ ಎಷ್ಟೋ ಕುಟುಂಬಗಳು ಅನ್ಯಾಯವಾಗಿ ನೊಂದಿವೆ. ಜೆಫ್ರಿ ರಶ್ ಅವರಿಗೆ ಅತ್ಯುತ್ತಮ ನಟ ಆಸ್ಕರ್ ತಂದುಕೊಟ್ಟ ಅಭಿನಯಕ್ಕಾಗಿ ಚಿತ್ರವನ್ನು ಅಗತ್ಯವಾಗಿ ನೋಡಿ, ಆದರೆ ಅದನ್ನು ವೈದ್ಯಕೀಯ ದಾಖಲೆಯೆಂದು ಓದಬೇಡಿ.